ನಾಲ್ಕನೆಯ ಸರದಿ

ಶಿಕಾರಿಪುರ

ಅಮೆರಿಕಕ್ಕೆ ಹೋಗಿಬಂದವನು ಎತ್ತರದ ಕಟ್ಟಡಗಳ ವಿಷಯ ಹೇಳಬೇಕೆಂದು ಜನ ಬಯಸುತ್ತಾರೆ. ನಾನು ಅವನ್ನು ನೋಡಿದ್ದು ಬಸ್ಸಿನ ಕಿಟಕಿಯಿಂದ, ಅದೂ ಕುತ್ತಿಗೆ ನೋಯುವವರೆಗೆ ಮಾತ್ರ. ಉಳಿದ ದಿನಗಳೆಲ್ಲ ಹಗಲು ಕುರಿಗಳ ನಡುವೆ, ಸಂಜೆ ಒಂದು ಆಟದ ಮೈದಾನದ ಮರದ ಬೆಂಚಿನ ಮೇಲೆ ಕಳೆದವು. ಆ ಬೆಂಚಿನ ಮೇಲೆ ಕುಳಿತು ನೋಡಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕೇಳುವವರಿಗೆ ಅದು ಅಷ್ಟು ರುಚಿಸಲಾರದು ಎಂದು ನನಗೆ ಗೊತ್ತು.

ಹೊಸ ಮೈಸೂರು ರಾಜ್ಯವಾಗಿ ಹೆಚ್ಚು ಕಾಲವಾಗಿರಲಿಲ್ಲ. ನಾನು ಶಿಕಾರಿಪುರದಲ್ಲಿ ದನದ ಡಾಕ್ಟರು. ಹುಟ್ಟಿದ್ದು ಈಸೂರಿನ ಪಕ್ಕದ ಹಳ್ಳಿಯಲ್ಲಿ, ಕುರಿ ಸಾಕುವ ಮನೆತನದಲ್ಲಿ. ಒಬ್ಬರನ್ನು ಅಮೆರಿಕಕ್ಕೆ ತರಬೇತಿಗೆ ಕಳಿಸುತ್ತಾರಂತೆ ಎಂಬ ಸುದ್ದಿ ಬಂದಾಗ ನನಗಿಂತ ಮೇಲಿನವರೆಲ್ಲ ಸೂಟು ಹೊಲಿಸುವ ಮಾತಾಡಿದರು. ಕಲಿಯಬೇಕಾದದ್ದು ಕುರಿ ಸಾಕಣೆ ಎಂದು ತಿಳಿದ ಮೇಲೆ ಒಬ್ಬೊಬ್ಬರಾಗಿ ಹಿಂದೆ ಸರಿದರು. ಹೈನುಗಾರಿಕೆ ಆಗಿದ್ದರೆ ನನ್ನ ಹೆಸರು ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಹೀಗೆ ಕುರಿಯ ವಾಸನೆ ನನ್ನನ್ನು ಸಮುದ್ರ ದಾಟಿಸಿತು.

ಹೊರಡುವ ದಿನ ನಮ್ಮ ದೊಡ್ಡಪ್ಪ ಬೀರಪ್ಪ ಬಸ್ ನಿಲ್ದಾಣಕ್ಕೆ ಬಂದು ಮನೆಯ ಉಣ್ಣೆಯಿಂದಲೇ ನೇಯಿಸಿದ ಕರಿ ಕಂಬಳಿಯೊಂದನ್ನು ನನ್ನ ಹೆಗಲಿಗೆ ಹಾಕಿದ.

"ಅಲ್ಲಿ ಭಾಳ ಥಂಡಿಯಂತಲ್ಲೋ ಮಾಲತೇಶ. ಹೊದ್ಕೊಂಡು ಮಲ್ಕೋ. ಯಾರ ಮುಂದೂ ಕೈ ಚಾಚಬ್ಯಾಡ" ಎಂದ.

ನ್ಯೂಯಾರ್ಕ್ ಬಂದರು

ಹಡಗಿನಿಂದ ಇಳಿದ ಕೂಡಲೇ ಅವರು ಕಿತ್ತುಕೊಂಡದ್ದು ಆ ಕಂಬಳಿಯನ್ನೇ. ನಮ್ಮ ದೇಶದ ಕಾಲುಬಾಯಿ ಜ್ವರ ಉಣ್ಣೆಯಲ್ಲಿ ಕುಳಿತು ತಮ್ಮ ದೇಶಕ್ಕೆ ಬಂದುಬಿಡುತ್ತದೆ ಎಂದು ಅವರಿಗೆ ಭಯ. ನಾನು ಅದೇ ವಿದ್ಯೆ ಓದಿದವನು, ಭಯ ಸುಳ್ಳಲ್ಲ ಎಂದು ನನಗೂ ಗೊತ್ತಿತ್ತು. ಆದರೂ ಕೈಗವಸು ಹಾಕಿದ ಅಧಿಕಾರಿ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ ರೀತಿ ನೋಡಿ ದೊಡ್ಡಪ್ಪನನ್ನೇ ಹಾಗೆ ಎತ್ತಿ ಹಿಡಿದಂತೆ ಆಯಿತು. ಬಿಸಿ ಹಬೆಯಲ್ಲಿ ಬೇಯಿಸಿ ವಾಪಸು ಕೊಟ್ಟರು. ಕಂಬಳಿ ಕುಗ್ಗಿ ತೊಟ್ಟಿಲ ಕೂಸಿಗೆ ಹೊದಿಸುವಷ್ಟಾಗಿತ್ತು. ಕೊಟ್ಟವನು ಬಹಳ ಸೌಜನ್ಯದಿಂದ, ನಿಮ್ಮ ವಾಸ ಸುಖಕರವಾಗಲಿ ಎಂದ.

ಅಲ್ಲಿಯ ಸೌಜನ್ಯವೇ ಹಾಗೆ. ನಮ್ಮಲ್ಲಿ ಬೇಡದವನನ್ನು ಬೈದು ಕಳಿಸುತ್ತಾರೆ. ಅವರು ನಗುತ್ತಾ ಬಾಗಿಲು ಹಾಕುತ್ತಾರೆ. ಬಾಗಿಲು ಹಾಕಿದೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯುತ್ತಿತ್ತು.

ಮಾರಿಯಮ್ಮನ ಮನೆ

ರೈಲು ಪಶ್ಚಿಮಕ್ಕೆ ಹೋಗುತ್ತಲೇ ಇತ್ತು. ಜೋಳದ ಬಯಲು ಮುಗಿದು ಹುಲ್ಲುಗಾವಲು, ಹುಲ್ಲುಗಾವಲು ಮುಗಿದು ಬೋಳು ಬೆಟ್ಟ. ಬೆಟ್ಟಗಳ ನಡುವಿನ ಸಣ್ಣ ಊರೊಂದರಲ್ಲಿ ನನ್ನ ಕುರಿಶಾಲೆ ಇತ್ತು. ಶಾಲೆಯವರು ಕಾಗದ ಬರೆದು ಹೋಟೆಲಿನಲ್ಲಿ ಕೋಣೆ ಗೊತ್ತುಮಾಡಿದ್ದರು. ಹೋಟೆಲಿನವನು ನನ್ನ ಹೆಸರನ್ನು ನೋಡಿ ತಲೆಯಾಡಿಸಿದ, ಮುಖ ನೋಡಿ ಕೋಣೆ ಖಾಲಿ ಇಲ್ಲವೆಂದ. ಕರೆದುಕೊಂಡು ಬಂದಿದ್ದ ಪ್ರೊಫೆಸರರು ಕಿವಿ ಕೆಂಪು ಮಾಡಿಕೊಂಡು, ಇದಕ್ಕಿಂತ ಒಳ್ಳೆಯ ಊಟದ ಮನೆ ಇದೆ ಬನ್ನಿ ಎಂದು ರೈಲ್ವೆ ಹಳಿಯ ಆಚೆಗೆ ಕರೆದೊಯ್ದರು.

ಊಟದ ವಿಷಯದಲ್ಲಿ ಅವರು ಹೇಳಿದ್ದು ನಿಜ. ಅದು ಮಾರಿಯಾ ಎಂಬ ವಿಧವೆಯ ಮನೆ. ಅವಳು ಸ್ಪೇನ್ ದೇಶದ ಉತ್ತರದ ಬೆಟ್ಟಗಳಲ್ಲಿನ ಬಾಸ್ಕ್ ಜನದವಳು. ಅವಳ ಗಂಡ ಕುರಿ ಕಾಯಲೆಂದೇ ಆ ದೇಶಕ್ಕೆ ಬಂದು, ಕುರಿ ಕಾಯುತ್ತಲೇ ಸತ್ತವನು. ಹಳಿಯ ಆ ಬದಿಯವರು ಯಾರಿಗೆ ಕೋಣೆ ಇಲ್ಲ ಎನ್ನುತ್ತಿದ್ದರೋ ಅವರಿಗೆಲ್ಲ ಇವಳಲ್ಲಿ ಕೋಣೆ ಇತ್ತು. ನನಗಂತೂ ಅವಳು ಮೊದಲ ದಿನವೇ ಮಾರಿಯಮ್ಮನಾದಳು. ನಮ್ಮೂರಿನಲ್ಲಿ ಆ ಹೆಸರು ಊರ ಗಡಿಯ ದೇವತೆಯದು ಎಂದು ಹೇಳಿದಾಗ ಅವಳಿಗೆ ಸಂತೋಷವಾಗಿ, ಕುರಿಮಾಂಸದ ಸಾರನ್ನು ಮತ್ತೊಂದು ಸೌಟು ಬಡಿಸಿದಳು. ಕುಗ್ಗಿದ ನನ್ನ ಕಂಬಳಿಯನ್ನು ಮೂಗಿಗೆ ಹಿಡಿದು, ಇದು ಬಿಸಿಲಿನ ನಾಡಿನ ಉಣ್ಣೆ ಎಂದಳು.

ಅವಳ ಮನೆಯಲ್ಲಿದ್ದ ಇನ್ನೊಬ್ಬ ಬಾಡಿಗೆಯವನು ವಾಲ್ಟರ್. ನೀಗ್ರೋ. ಎತ್ತರದ ಆಳು, ಮೂವತ್ತರ ಆಚೀಚಿನ ವಯಸ್ಸು, ಮಾತು ಕಡಿಮೆ. ಊರಿನ ಬೇಸ್‌ಬಾಲ್ ತಂಡದಲ್ಲಿ ಆಡುವುದೇ ಅವನ ಕಸುಬು. ತಂಡದ ಉಳಿದವರೆಲ್ಲ ನನಗೆ ಕೋಣೆ ಇಲ್ಲ ಎಂದಿದ್ದ ಅದೇ ಹೋಟೆಲಿನಲ್ಲಿದ್ದರು.

ಒಂದು ಸಂಜೆ ಇಬ್ಬರೂ ಊಟಕ್ಕೆ ಪೇಟೆಗೆ ಹೋದೆವು. ಅಂಗಡಿಯವನು ನನ್ನ ಇಂಗ್ಲಿಷಿನ ರಾಗ ಕೇಳಿ, ಇಂಡಿಯಾದವರೋ, ಒಳಗೆ ಕೂಡಿ ಎಂದ. ವಾಲ್ಟರನಿಗೆ ಹಿಂದಿನ ಕಿಟಕಿಯಲ್ಲಿ ಪೊಟ್ಟಣ ಕೊಡುತ್ತೇನೆಂದ. ವಾಲ್ಟರ್ ಆ ದೇಶದಲ್ಲಿ ಹುಟ್ಟಿ, ಆ ದೇಶಕ್ಕಾಗಿ ಯುದ್ಧಕ್ಕೂ ಹೋಗಿ ಬಂದವನು. ನಾನು ನಿನ್ನೆ ಮೊನ್ನೆ ಹಡಗಿಳಿದವನು. ನಾನು ಒಳಗೆ ಹೋಗಲಿಲ್ಲ. ಕೊನೆಗೆ ಎರಡು ಪೊಟ್ಟಣ ತೆಗೆದುಕೊಂಡು ಹಿಂದಿನ ಮೆಟ್ಟಿಲ ಮೇಲೆ ಕುಳಿತು ತಿಂದೆವು. ನಿಮ್ಮನ್ನೂ ಬಿಳಿಯರು ಆಳಿದರಂತಲ್ಲ, ಏನು ಮಾಡಿದಿರಿ ಎಂದು ಅವನು ಕೇಳಿದ. ಈಸೂರಿನವರು ತಮ್ಮ ಊರನ್ನು ತಾವೇ ಸ್ವತಂತ್ರ ಎಂದು ಸಾರಿದ್ದು, ಆಮೇಲೆ ಅವರಲ್ಲಿ ಕೆಲವರನ್ನು ಗಲ್ಲಿಗೇರಿಸಿದ್ದು ಹೇಳಿದೆ. ಅವನು ತಿನ್ನುವುದನ್ನು ನಿಲ್ಲಿಸಿ ಕೇಳಿದ. ಆಮೇಲೆ, ಚಿಕ್ಕ ಊರೇ ಎಂದ. ಚಿಕ್ಕದೇ ಎಂದೆ.

ಮೈದಾನ

ಬೇಸ್‌ಬಾಲ್ ಎಂದರೆ ಕ್ರಿಕೆಟ್ಟಿಗೂ ನಮ್ಮ ಚಿನ್ನಿದಾಂಡಿಗೂ ಹುಟ್ಟಿದ ಕೂಸು. ಒಬ್ಬ ಚೆಂಡು ಎಸೆಯುತ್ತಾನೆ, ಇನ್ನೊಬ್ಬ ಒನಕೆಯಂಥ ದುಂಡು ದಾಂಡಿನಿಂದ ಹೊಡೆದು ಓಡುತ್ತಾನೆ. ಕ್ರಿಕೆಟ್ಟಿನಲ್ಲಿ ಔಟಾದವನು ಪ್ಯಾಡು ಬಿಚ್ಚಿ ಕೂತರೆ ಮುಗಿಯಿತು. ಇಲ್ಲಿ ಹಾಗಲ್ಲ. ಸರದಿ ಸುತ್ತಿ ಬರುತ್ತದೆ. ಸೋತವನಿಗೆ ಅದೇ ಆಟದಲ್ಲಿ ಮತ್ತೆ ದಾಂಡು ಸಿಗುತ್ತದೆ. ಒಂದು ಆಟದಲ್ಲಿ ನಾಲ್ಕು ಸಲ, ಒಮ್ಮೊಮ್ಮೆ ಐದು ಸಲ. ಇದು ಗೊತ್ತಾದಾಗ ನನಗೆ ಆ ದೇಶದ ಮೇಲೆ ನಿಜವಾದ ಗೌರವ ಹುಟ್ಟಿತು. ಇಷ್ಟು ದೊಡ್ಡ ಮನಸ್ಸಿನ ಆಟವನ್ನು ನಾವು ಯಾಕೆ ಕಟ್ಟಲಿಲ್ಲ ಎಂದುಕೊಂಡೆ.

ಮೊದಲ ದಿನವೇ ನಗೆಪಾಟಲಾದೆ. ಹೊಡೆದ ಚೆಂಡೊಂದು ಅಡ್ಡಾದಿಡ್ಡಿ ಹಾರಿ ಬಂದು ನನ್ನ ಮಡಿಲಲ್ಲೇ ಬಿತ್ತು. ಅದನ್ನು ಇಟ್ಟುಕೊಳ್ಳುವುದು ಅಲ್ಲಿಯ ರೂಢಿ, ಅದೃಷ್ಟ ಎನ್ನುತ್ತಾರೆ. ನಾನು ಎದ್ದು ನಿಂತು ಪ್ರಾಮಾಣಿಕವಾಗಿ ಮೈದಾನಕ್ಕೆ ವಾಪಸು ಎಸೆದೆ. ಬೆಂಚುಗಳೆಲ್ಲ ಗೊಳ್ಳೆಂದು ನಕ್ಕವು. ಆಮೇಲೆ ಆಟದ ನಡುವೆ ಎಲ್ಲರೂ ಏಕಾಏಕಿ ಎದ್ದು ನಿಂತರು. ರಾಷ್ಟ್ರಗೀತೆ ಇರಬೇಕೆಂದು ನಾನೂ ಕೈ ಜೋಡಿಸಿಕೊಂಡು ನೆಟ್ಟಗೆ ನಿಂತೆ. ಅವರು ಎದ್ದದ್ದು ಕಾಲು ಜೋಮು ಹಿಡಿದಿದ್ದಕ್ಕೆ. ಅದೂ ಒಂದು ಶಾಸ್ತ್ರವಂತೆ.

ತಂಡದಲ್ಲಿ ಜನರ ಕಣ್ಮಣಿ ಡ್ಯಾನಿ ಎಂಬ ಯುವಕ. ಮುಸುಕಿನ ಜೋಳದ ತೆನೆಯ ಕೂದಲಿನಂಥ ಕೂದಲು, ಸದಾ ನಗು. ಒಳ್ಳೆಯವನೇ. ನಾನು ಚೆಂಡು ವಾಪಸು ಎಸೆದ ಕತೆ ಕೇಳಿ ಮಾರನೆಯ ದಿನ ಹೊಸ ಚೆಂಡೊಂದನ್ನು ತಂದುಕೊಟ್ಟ. ಹೊಡೆಯುವುದರಲ್ಲಿ ಅವನೂ ವಾಲ್ಟರನೂ ಹೆಚ್ಚು ಕಡಿಮೆ ಸಮಸಮ ಎಂದು ಎಲ್ಲರೂ ಒಪ್ಪುತ್ತಿದ್ದರು. ಆ ಆಟದಲ್ಲಿ ಹತ್ತಕ್ಕೆ ಮೂರು ಸಲ ಹೊಡೆದವನು ಶೂರ. ಅಂದರೆ ಶೂರನೂ ಹತ್ತಕ್ಕೆ ಏಳು ಸಲ ಸೋಲುತ್ತಾನೆ. ನಾನು ಬೆರಳು ಮಡಿಸಿ ಲೆಕ್ಕ ಹಾಕಿದೆ. ಸತತವಾಗಿ ಮೂರು ಸಲ ಸೋಲುವುದು ಅಂಥವನಿಗೂ ಮೂರು ಆಟಕ್ಕೊಮ್ಮೆ ಬರುವ ಮಾತು. ಅದರಲ್ಲಿ ಗ್ರಹಚಾರವೂ ಇಲ್ಲ, ಗುಟ್ಟೂ ಇಲ್ಲ.

ಆದರೆ ಮ್ಯಾನೇಜರನಿಗೆ ಅದರಲ್ಲಿ ಗುಟ್ಟಿತ್ತು. ಅವನು ಹೊಗೆಸೊಪ್ಪು ಜಗಿದು ಉಗುಳುವ ದಪ್ಪ ಮುದುಕ. ಉಗುಳುವುದರಲ್ಲಿ ನಮ್ಮ ಎಲೆಅಡಿಕೆ ಹಾಕುವ ಯಜಮಾನರನ್ನು ಮೀರಿಸುತ್ತಿದ್ದ. ಡ್ಯಾನಿ ಮೂರು ಸಲ ಸೋತು ನಾಲ್ಕನೆಯ ಸರದಿಗೆ ಬಂದರೆ ಅವನು ಬೆನ್ನು ತಟ್ಟಿ, ಹುಡುಗನದು ಒಂದು ಹೊಡೆತ ಬಾಕಿ ಉಳಿದಿದೆ, ಈಗ ಬಡಿಯುತ್ತಾನೆ ನೋಡಿ ಎನ್ನುತ್ತಿದ್ದ. ಬೆಂಚುಗಳೂ ಹಾಗೆಯೇ ಎನ್ನುತ್ತಿದ್ದವು. ವಾಲ್ಟರ್ ಮೂರು ಸಲ ಸೋತರೆ, ಇವತ್ತು ಇವನ ದಾಂಡು ತಣ್ಣಗಾಗಿದೆ ಎಂದು ಕೂರಿಸಿ ಬೇರೊಬ್ಬನನ್ನು ಕಳಿಸುತ್ತಿದ್ದ. ಬೆಂಚುಗಳು ಅದಕ್ಕೂ ಹೌದೆನ್ನುತ್ತಿದ್ದವು. ಸೋಲು ಒಂದೇ, ಭವಿಷ್ಯ ಎರಡು. ಒಂದೆರಡು ವಾರ ನಾನು ಇದನ್ನು ಆಟದ ಸೂಕ್ಷ್ಮವೆಂದೇ ತಿಳಿದಿದ್ದೆ.

ಆಮೇಲೆ ದೊಡ್ಡಪ್ಪನ ಮಾತು ನೆನಪಾಯಿತು. ದೀಪಾವಳಿ ಮುಗಿದ ಮೇಲೆ ನಮ್ಮ ಶಿಕಾರಿಪುರ, ಸೊರಬದ ಕಡೆ ಹೋರಿ ಬೆದರಿಸುತ್ತಾರಲ್ಲ, ಕೊಬ್ಬರಿ ಹಾರ ಕಟ್ಟಿದ ಹೋರಿ ಜನರ ನಡುವೆ ನುಗ್ಗಿ ಓಡುವುದು, ಕೈಗೆ ಸಿಕ್ಕದಿದ್ದರೆ ಗೆದ್ದಂತೆ. ಒಂದು ವರ್ಷ ನಮ್ಮ ಹೋರಿ ಬೆಳಗಿನ ಓಟದಲ್ಲಿ ಸಿಕ್ಕಿಬಿತ್ತು. ಮಧ್ಯಾಹ್ನ ಅದನ್ನು ಓಡಲು ಬಿಡಲೇ ಇಲ್ಲ. ಅದೇ ಬೆಳಗ್ಗೆ ಸಿಕ್ಕಿಬಿದ್ದಿದ್ದ ಗೌಡರ ಹೋರಿಗೆ ಮತ್ತೆ ಹಾರ ಕಟ್ಟಿದರು. ದೊಡ್ಡಪ್ಪ ಹಗ್ಗ ಹಿಡಿದು ಮನೆಗೆ ಬರುತ್ತಾ ಹೇಳಿದ್ದ: "ಗೌಡ್ರ ಹೋರಿ ಸಿಕ್ಕಿಬಿದ್ರ ದಾರಿ ಸರಿ ಇಲ್ಲ ಅಂತಾರ. ನಮ್ದು ಸಿಕ್ಕಿಬಿದ್ರ ಹೋರೀನ ಸರಿ ಇಲ್ಲ ಅಂತಾರ."

ಕುರಿಶಾಲೆ

ಪ್ರೊಫೆಸರರು ದೊಡ್ಡ ವಿದ್ವಾಂಸರು. ಅವರಿಂದ ಕಲಿತದ್ದನ್ನು ನಾನು ಇಂದಿಗೂ ಮರೆತಿಲ್ಲ. ಮಂದೆಯಲ್ಲಿ ಯಾವ ಕುರಿಯನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಮಾರಬೇಕು ಎಂಬುದು ಅವರ ಮುಖ್ಯ ಪಾಠ. ನಮ್ಮಲ್ಲಿ ಒಂದು ವರ್ಷ ಮರಿ ಹಾಕದ ಕುರಿಯನ್ನು ಸಂತೆಗೆ ಹೊಡೆಯುತ್ತಾರೆ. ಅವರು ಅದನ್ನು ಅವಸರ ಎನ್ನುತ್ತಿದ್ದರು. ಒಂದು ವರ್ಷದ ಸೋಲು ಮುಂದಿನ ವರ್ಷದ ಬಗ್ಗೆ ಹೇಳುವುದು ತೀರ ಕಡಿಮೆ, ಮೇವು, ಮಳೆ, ಟಗರು ಎಲ್ಲ ಸೇರಿ ಆದದ್ದನ್ನು ಕುರಿಯ ತಲೆಗೆ ಕಟ್ಟಬೇಡಿ ಎನ್ನುತ್ತಿದ್ದರು. ಕುರಿಯ ಬೆನ್ನ ಮೇಲೆ ಕೈಯಿಟ್ಟು ಹೀಗೆ ಹೇಳುವಾಗ ಅವರ ಮುಖದಲ್ಲಿ ಒಂದು ಕರುಣೆ ಕಾಣುತ್ತಿತ್ತು.

ಸಂಜೆ ಅವರೂ ಮೈದಾನಕ್ಕೆ ಬರುತ್ತಿದ್ದರು, ನನ್ನ ಪಕ್ಕದಲ್ಲೇ ಕೂರುತ್ತಿದ್ದರು. ಅಲ್ಲಿ ಅವರು ಬೇರೆಯೇ ಮನುಷ್ಯ, ಬೆಂಚುಗಳ ಜೊತೆ ಅವರೂ ಹೌದೆನ್ನುವವರು.

ನಾಲ್ಕನೆಯ ಸರದಿಯ ವಿಷಯವನ್ನು ವಾಲ್ಟರನ ಹತ್ತಿರ ಎತ್ತಿದ್ದು ಮಾರಿಯಮ್ಮನ ಅಂಗಳದಲ್ಲಿ. ಅವನು ದಾಂಡಿಗೆ ಎಣ್ಣೆ ತಿಕ್ಕುತ್ತಾ ಕುಳಿತಿದ್ದ. ಮೂರು ಸಲ ಆಗದವನಿಗೆ ನಾಲ್ಕನೆಯ ಸಲ ಆಗುವುದುಂಟೇ ಎಂದು ಕೇಳಿದೆ. ಅವನು ದಾಂಡನ್ನು ಬೆಳಕಿಗೆ ಹಿಡಿದು ನೋಡಿದ.

"ಒಬ್ಬನೇ ಮನುಷ್ಯ ಮೂರು ಸಲ ನಿನ್ನತ್ತ ಚೆಂಡು ಎಸೆದಿದ್ದಾನೆ ಅನ್ನು" ಎಂದ ಆಮೇಲೆ. "ಅವನ ಭುಜ ನೋಡಿದ್ದೀಯ, ಬೆರಳು ನೋಡಿದ್ದೀಯ. ಮೋಸದ ಚೆಂಡು ಎಸೆಯುವ ಮೊದಲು ಅವನು ಟೋಪಿ ಮುಟ್ಟಿಕೊಳ್ಳುತ್ತಾನೆ ಎಂದು ತಿಳಿದುಕೊಂಡಿದ್ದೀಯ. ನಾಲ್ಕನೆಯ ಸಲಕ್ಕೆ ಅವನ ಕೈ ಸೋತಿದೆ, ನಿನ್ನ ಕಣ್ಣು ಹದಕ್ಕೆ ಬಂದಿದೆ. ಆ ಹೊತ್ತಿಗೆ ನನ್ನನ್ನು ಬೆಂಚಿಗೆ ಕರೆಯುತ್ತಾರೆ. ಮೂರು ಸಲ ಉತ್ತು ಬಿತ್ತಿದವನನ್ನು ಕೊಯ್ಲಿನ ದಿನ ಮನೆಗೆ ಕಳಿಸಿದ ಹಾಗೆ."

ಅಂದರೆ ಹೊಡೆಯುವುದು ಖಂಡಿತವೇ ಎಂದೆ. ಖಂಡಿತ ಯಾವುದೂ ಅಲ್ಲ ಎಂದ. ಹತ್ತಕ್ಕೆ ಏಳು ಸಲ ಸೋಲುವುದೇ ತನ್ನ ಕಸುಬು ಎಂದು ನಕ್ಕ. ಆ ನಗೆ ತುಟಿಯಿಂದ ಮೇಲೆ ಹೋಗಲಿಲ್ಲ.

ಆ ಶನಿವಾರ

ಬೇಸಿಗೆ ಮುಗಿಯುತ್ತಾ ಬಂದಿತ್ತು. ಪೂರ್ವದ ದೊಡ್ಡ ತಂಡವೊಂದರಿಂದ ಆಟಗಾರರನ್ನು ಆರಿಸುವವನು ಬರುತ್ತಾನೆಂದು ಊರೆಲ್ಲ ಸುದ್ದಿ. ಡ್ಯಾನಿಯನ್ನೂ ವಾಲ್ಟರನನ್ನೂ ನೋಡಲಿಕ್ಕೇ ಬರುತ್ತಿದ್ದ. ಡ್ಯಾನಿಗೆ ಇನ್ನೂ ಹತ್ತು ಬೇಸಿಗೆಗಳಿದ್ದವು. ವಾಲ್ಟರನ ವಯಸ್ಸಿನವನಿಗೆ ಅಂಥವರು ಎರಡನೆಯ ಸಲ ಬರುವುದಿಲ್ಲ. ಮಾರಿಯಮ್ಮ ಬೆಳಗ್ಗೆ ಇಗರ್ಜಿಗೆ ಹೋಗಿ ಮೇಣದಬತ್ತಿ ಹಚ್ಚಿ ಬಂದಳು. ವಾಲ್ಟರ್ ಆ ದಿನ ಊಟ ಮಾಡಲಿಲ್ಲ.

ಆರಿಸುವವನು ಬೂದು ಟೋಪಿ ಹಾಕಿಕೊಂಡು ನಮಗಿಂತ ಎರಡು ಸಾಲು ಕೆಳಗೆ ಕುಳಿತಿದ್ದ. ವಾಲ್ಟರ್ ಮೊದಲ ಸಲ ಹೊಡೆದ ಚೆಂಡು ಗುಂಡಿನ ಹಾಗೆ ಹೋಯಿತು, ಆದರೆ ನೇರವಾಗಿ ಎದುರು ತಂಡದ ಒಬ್ಬನ ಕೈಗೆ. ಎರಡನೆಯದು ಮೈದಾನದ ಕೊನೆಯ ಬೇಲಿಯವರೆಗೆ ಏರಿತು. ಅಲ್ಲಿದ್ದವನು ಬೇಲಿಗೆ ಬೆನ್ನು ಕೊಟ್ಟು ಹಾರಿ ಹಿಡಿದ. ಮೂರನೆಯ ಸಲ ಬೀಸಿದ, ತಾಗಲಿಲ್ಲ. ಬೇಲಿ ಒಂದು ಮಾರು ಈಚೆಗಿದ್ದಿದ್ದರೆ, ಆ ಮೊದಲಿನವನು ಒಂದು ಹೆಜ್ಜೆ ಪಕ್ಕದಲ್ಲಿದ್ದಿದ್ದರೆ ಎಂದೆಲ್ಲ ಹೇಳಬಹುದು. ಆಟದ ಲೆಕ್ಕವನ್ನು ಹಲಗೆಯ ಮೇಲೆ ಬರೆಯುವವನಿಗೆ ಅವು ಮೂರೂ ಒಂದೇ ಸೊನ್ನೆ. ಆ ದಿನ ಡ್ಯಾನಿಯದೂ ಮೂರು ಸೊನ್ನೆಯೇ. ಅವನ ಚೆಂಡುಗಳು ಕಾಲಬುಡದಲ್ಲೇ ಉರುಳಿದ್ದವು.

ಕೊನೆಯ ಸುತ್ತಿಗೆ ಬಂದಾಗ ನಮ್ಮವರು ಒಂದು ಓಟ ಹಿಂದಿದ್ದರು. ಇಬ್ಬರು ಓಡಲು ಕಾದು ನಿಂತಿದ್ದರು. ಡ್ಯಾನಿಯ ನಾಲ್ಕನೆಯ ಸರದಿ ಬಂತು. ಮ್ಯಾನೇಜರ್ ಅವನ ಹೆಗಲು ತಟ್ಟಿ ಕಳಿಸಿದ. ಬೆಂಚುಗಳು ಚಪ್ಪಾಳೆ ಹೊಡೆದವು. ಪ್ರೊಫೆಸರರು ನನ್ನ ಮೊಣಕಾಲು ಅದುಮಿ, ಇವನದು ಬಾಕಿ ಇದೆ, ನೋಡಿ ಎಂದರು. ಡ್ಯಾನಿ ಹೊಡೆದದ್ದು ನೇರವಾಗಿ ಮೇಲಕ್ಕೆ ಹೋಗಿ ನೇರವಾಗಿ ಕೆಳಗೆ ಬಂತು. ಔಟಾದ.

ಆಮೇಲೆ ವಾಲ್ಟರ್ ದಾಂಡು ಹಿಡಿದು ನಡೆದ. ಎಸೆಯುವವನು ಆಟದ ಮೊದಲಿನಿಂದ ಅವನೇ, ತೋಳನ್ನು ಮತ್ತೆ ಮತ್ತೆ ಉಜ್ಜಿಕೊಳ್ಳುತ್ತಿದ್ದ. ಟೋಪಿ ಮುಟ್ಟಿಕೊಂಡಿದ್ದನ್ನು ನಾನೂ ಕಂಡೆ. ವಾಲ್ಟರ್ ಕಾಲೂರಿ ನಿಂತ. ಅಷ್ಟರಲ್ಲಿ ಮ್ಯಾನೇಜರ್ ಹೊರಬಂದು ಕೈ ಎತ್ತಿದ.

ವಾಲ್ಟರ್ ತನ್ನನ್ನೇ ಕರೆದದ್ದೆಂದು ಒಪ್ಪಲಾರದವನಂತೆ ಒಂದು ಕ್ಷಣ ಹಾಗೇ ನಿಂತ. ಬೂದು ಟೋಪಿಯವನು ಕಾಲಮೇಲೆ ಕಾಲು ಹಾಕಿಕೊಂಡ. ವಾಲ್ಟರ್ ದಾಂಡನ್ನು ನೆಲಕ್ಕೆ ಬಿಸಾಡಲಿಲ್ಲ, ಯಾರ ಮುಖವನ್ನೂ ನೋಡಲಿಲ್ಲ. ಬಂದು ಬೆಂಚಿನ ತುದಿಯಲ್ಲಿ ಕುಳಿತ. ಬದಲಿಗೆ ಹೋದವನು ಇಡೀ ಆಟ ಕೂತೇ ಇದ್ದ ಒಬ್ಬ ತೆಳ್ಳಗಿನ ಆಸಾಮಿ.

ಅವನು ಸೋತಿದ್ದರಾದರೂ ನನಗೆ ಸಮಾಧಾನವಾಗುತ್ತಿತ್ತೇನೋ. ಅವನು ಹೊಡೆದದ್ದು ಅಜ್ಜಿ ಕೋಲಲ್ಲಿ ನಾಯಿ ಅಟ್ಟಿದಂಥ ಹೊಡೆತ. ಚೆಂಡು ಮೆಲ್ಲಗೆ ಉರುಳಿ ಒಬ್ಬನ ಕೈಯ ಹತ್ತಿರ ಹೋಯಿತು. ಆತ ಬಗ್ಗಿದ. ಚೆಂಡು ಅವನ ಎರಡು ಕಾಲ ನಡುವೆ ನುಸುಳಿ ಹಿಂದಕ್ಕೆ ಹೋಯಿತು. ಕಾದಿದ್ದ ಇಬ್ಬರೂ ಓಡಿ ಬಂದರು. ತಂಡ ಗೆದ್ದಿತು. ಜನ ಬೆಂಚುಗಳ ಮೇಲೆ ಹತ್ತಿ ಕುಣಿದರು. ಮ್ಯಾನೇಜರನನ್ನು ಹೊತ್ತುಕೊಂಡರು.

"ಅನುಭವ ಅಂದರೆ ಇದು ನೋಡಿ" ಎಂದರು ಪ್ರೊಫೆಸರರು. ಅವರ ಕನ್ನಡಕದ ಹಿಂದೆ ಆನಂದದ ನೀರು ಕಟ್ಟಿತ್ತು.

ಸೋಮವಾರ ವಾಲ್ಟರನಿಗೆ, ಮುಂದಿನ ವರ್ಷಕ್ಕೆ ನೀನು ಬೇಡ ಎಂದು ಹೇಳಿದರು. ಡ್ಯಾನಿಯನ್ನು ಬೂದು ಟೋಪಿಯವನು ಪೂರ್ವಕ್ಕೆ ಕರೆದುಕೊಂಡು ಹೋದ. ಮೂರು ಸೊನ್ನೆಗೆ ನಾಲ್ಕನೆಯದೂ ಸೇರಿದ್ದು ಅವನಿಗೆ ಅಡ್ಡ ಬರಲಿಲ್ಲ. ಒತ್ತಡದಲ್ಲೂ ಎದೆಗುಂದದೆ ಬೀಸಿದ ಎಂದು ಊರಿನ ಪತ್ರಿಕೆ ಬರೆಯಿತು.

ನಾನು ಪ್ರೊಫೆಸರರನ್ನು ಕುರಿದೊಡ್ಡಿಯಲ್ಲೇ ಕೇಳಿದೆ. ಒಂದು ವರ್ಷ ಬರಡಾದ ಕುರಿಯನ್ನು ಮಾರಬೇಡಿ ಎಂದಿರಿ, ವಾಲ್ಟರನಿಗೆ ಆ ಪಾಠ ಯಾಕಿಲ್ಲ ಎಂದೆ. ಅವರು ನಕ್ಕು, ಕುರಿ ಬೇರೆ ಮನುಷ್ಯ ಬೇರೆ, ಮನುಷ್ಯನಿಗೆ ಮನಸ್ಸೆಂಬುದಿದೆ, ಸೋಲಿನಿಂದ ಅದು ಕುಸಿಯುತ್ತದೆ ಎಂದರು.

"ಡ್ಯಾನಿಗೆ ಮನಸ್ಸಿಲ್ಲವೇ ಸರ್?" ಎಂದೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಬಹಳ ಹೊತ್ತು ಒರೆಸಿದರು. ಆಮೇಲೆ ಅದೇ ಸೌಜನ್ಯದಿಂದ, ನೀವು ಹೊರಗಿನವರು, ನಿಮಗೆ ಈ ಆಟ ಅರ್ಥವಾಗುವುದಿಲ್ಲ ಎಂದರು. ಆ ದಿನದಿಂದ ಅವರು ಮೈದಾನದಲ್ಲಿ ಬೇರೆ ಬೆಂಚಿನಲ್ಲಿ ಕೂತರು.

ಒಮಾಹಾ

ತರಬೇತಿಯ ಕೊನೆಗೆ ಹಿಂತಿರುಗುವ ದಾರಿಯಲ್ಲಿ ಒಮಾಹಾ ಪಟ್ಟಣದ ದನಕುರಿಗಳ ಮಾರುಕಟ್ಟೆ, ಕಸಾಯಿಖಾನೆಗಳನ್ನು ನೋಡಬೇಕೆಂದು ಶಾಲೆಯವರೇ ಗೊತ್ತುಮಾಡಿದ್ದರು. ಊರು ಬಿಡುವಾಗ ವಾಲ್ಟರ್ ಅಲ್ಲಿರುವ ತನ್ನ ಅಕ್ಕನ ಮನೆಗೆ ಹೋಗುವುದಾಗಿ ಹೇಳಿದ್ದ. ಅವನ ಭಾವ ಆ ಮಾರುಕಟ್ಟೆಯಲ್ಲೇ ಕೆಲಸಕ್ಕಿದ್ದ. ಆದ್ದರಿಂದ ಅಲ್ಲಿ ವಿಚಾರಿಸಿದೆ, ಸಿಕ್ಕಿದ.

ಅವನು ಕುರಿಗಳನ್ನು ಮರದ ಇಳಿಜಾರಿನ ಮೇಲೆ ಹತ್ತಿಸುವ ಕೆಲಸ ಮಾಡುತ್ತಿದ್ದ. ಮೇಲೆ ಹೋದ ಕುರಿ ಕೆಳಗೆ ಬರುವುದಿಲ್ಲ. ಮುಂದೆ ಹೋಗಲು ಕುರಿಗಳು ಹೆದರುತ್ತವೆಂದು, ಪಳಗಿಸಿದ ಒಂದು ಹೋತವನ್ನು ಮುಂದೆ ಬಿಡುತ್ತಿದ್ದರು. ಅದು ಮೇಲಿನವರೆಗೆ ನಡೆದು ಪಕ್ಕದ ಕಿಂಡಿಯಿಂದ ನುಸುಳಿ ವಾಪಸು ಬರುತ್ತಿತ್ತು. ನಂಬಿ ಹಿಂಬಾಲಿಸಿದ ಕುರಿಗಳು ಒಳಗೆ ಹೋಗುತ್ತಿದ್ದವು. ನಾನು ಕುರಿ ಮನೆತನದವನು, ಕುರಿ ಕೊಯ್ಯುವುದನ್ನು ಚಿಕ್ಕಂದಿನಿಂದ ಕಂಡವನು. ಆದರೂ ಆ ಹೋತದ ಮುಖವನ್ನು ನೋಡಲಾಗಲಿಲ್ಲ.

ಮಧ್ಯಾಹ್ನದ ಬಿಡುವಿನಲ್ಲಿ ಗೋಡೆಗೊರಗಿ ಕುಳಿತೆವು. ಬೇರೆ ಊರುಗಳಲ್ಲಿ ಬೇರೆ ತಂಡಗಳಿವೆ, ಇನ್ನೊಂದು ಬೇಸಿಗೆ ಪ್ರಯತ್ನಿಸು ಎಂದೆ. ಅವನು ಇಲ್ಲವೆಂದು ತಲೆಯಾಡಿಸಿದ. ಮ್ಯಾನೇಜರನ ಮೇಲೆ ಸಿಟ್ಟಿದೆಯೇ ಎಂದು ಕೇಳಿದೆ.

"ಸೋತ ಸಲಗಳು ನನಗೆ ನೆನಪೇ ಇಲ್ಲ" ಎಂದ. "ಸಾವಿರ ಸಲ ಸೋತಿರಬೇಕು. ಸೋಲಿಗೆ ಒಂದು ಗುಣ ಇದೆ, ಅದು ಮುಗಿಯುತ್ತದೆ. ಆ ಶನಿವಾರದ್ದು ಮುಗಿಯುವುದೇ ಇಲ್ಲ. ರಾತ್ರಿ ಮಲಗಿದರೆ ಅವನು ಟೋಪಿ ಮುಟ್ಟಿಕೊಳ್ಳುತ್ತಾನೆ, ನಾನು ದಾಂಡು ಎತ್ತುತ್ತೇನೆ. ಚೆಂಡು ಬರುವುದೇ ಇಲ್ಲ."

ಗಂಟೆ ಹೊಡೆಯಿತು. ಅವನು ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡ. ಮಾರಿಯಮ್ಮನಿಗೆ ಏನಾದರೂ ಹೇಳಬೇಕೇ ಎಂದೆ. ಅಲ್ಲಿಗೆ ನೀನು ಮತ್ತೆ ಹೋಗುವುದಿಲ್ಲವಲ್ಲ ಎಂದ. ಅದು ನಿಜವೇ ಆಗಿತ್ತು. ಕೈ ಕುಲುಕಿದೆವು. ಅವನು ಇಳಿಜಾರಿನ ಕಡೆ ಹೋದ, ನಾನು ರೈಲಿನ ಕಡೆ.

ಸೊರಬದ ಕಡೆ

ಊರಿಗೆ ಬಂದ ಮೇಲೆ ಶಿಕಾರಿಪುರದಲ್ಲಿ ನನಗೊಂದು ಸನ್ಮಾನವಾಯಿತು. ಹಾರ ಹಾಕಿ ಅಮೆರಿಕದ ವಿಷಯ ಹೇಳಿ ಎಂದರು. ವಾಲ್ಟರನ ವಿಷಯ ಶುರುಮಾಡಿದೆ. ಸಭೆ ಕೆಮ್ಮತೊಡಗಿತು. ಅಧ್ಯಕ್ಷರು ನಡುವೆ ಬಾಯಿ ಹಾಕಿ, ಅಂಥ ಭೇದಭಾವ ನಮ್ಮ ದೇಶದಲ್ಲಿಲ್ಲದಿರುವುದು ನಮ್ಮ ಪುಣ್ಯ ಎಂದು ಹೇಳಿ ಚಪ್ಪಾಳೆ ಗಿಟ್ಟಿಸಿದರು. ಚಾವಡಿಯ ಹೊರಗೆ, ಚಪ್ಪಲಿಗಳ ಪಕ್ಕದಲ್ಲಿ ನಿಂತು ಕೇಳುತ್ತಿದ್ದವರು ಚಪ್ಪಾಳೆ ಹೊಡೆಯಲಿಲ್ಲ.

ಕುರಿ ವಿದ್ಯೆ ಕಲಿತು ಬಂದವನನ್ನು ಇಲಾಖೆ ಸೊರಬ ತಾಲ್ಲೂಕಿನ ಮಳೆಯ ಮೂಲೆಯೊಂದಕ್ಕೆ ವರ್ಗ ಮಾಡಿತು. ಆ ಜೌಗಿನಲ್ಲಿ ಕುರಿಯ ಗೊರಸು ಕೊಳೆಯುತ್ತದೆ, ಹತ್ತಾರು ಹಳ್ಳಿ ತಿರುಗಿದರೂ ಮಂದೆ ಕಾಣುವುದಿಲ್ಲ. ಮೇಲಧಿಕಾರಿಗಳನ್ನು ಕಂಡು ಹೇಳಿಕೊಂಡೆ. "ಫಾರಿನ್ ಟ್ರೈನಿಂಗ್ ಆದವ್ರು ಎಲ್ಲಿದ್ರೇನ್ರೀ, ಎಲ್ಲಾ ಪ್ರಾಣೀನೂ ಒಂದೇ" ಎಂದರು.

ಅಲ್ಲಿಯ ದವಾಖಾನೆಯಲ್ಲಿ ಒಂದು ಸರ್ಕಾರಿ ಹೋರಿ ಇತ್ತು. ಒಳ್ಳೆಯ ತಳಿಯದು, ಸುತ್ತಿನ ಹಳ್ಳಿಯವರು ಬೆದೆಗೆ ಬಂದ ಹಸುಗಳನ್ನು ಅದರ ಹತ್ತಿರ ತರುತ್ತಿದ್ದರು. ಒಂದು ಹೊತ್ತಿಗೆ ಒಂದೇ ಹಸು ಎಂಬ ಕಟ್ಟಳೆ. ಗೌರಮ್ಮ ಎಂಬ ಹೆಂಗಸು ತನ್ನ ಕೆಂದ ಹಸುವನ್ನು ಹಿಡಿದು ಬಂದಳು. ಗಂಡನಿಲ್ಲದವಳು, ಇದ್ದದ್ದು ಅದೊಂದೇ ಹಸು. ಅದಕ್ಕೆ ಮೊದಲು ಮೂರು ಸಲ ತಂದಿದ್ದಳು, ಮೂರು ಸಲವೂ ಗಬ್ಬ ನಿಂತಿರಲಿಲ್ಲ. ಅದೇ ಬೆಳಗ್ಗೆ ಪಟೇಲರ ಆಳು ಅವರ ಹಸುವನ್ನೂ ಹಿಡಿದು ಬಂದು ನಿಂತಿದ್ದ. ಅದಕ್ಕೂ ಮೂರು ಸಲ ಆಗಿರಲಿಲ್ಲ.

ನಮ್ಮ ಕಾಂಪೌಂಡರ್ ಶೇಷಪ್ಪ ನನ್ನ ಕಿವಿಯ ಹತ್ತಿರ ಬಂದ. "ಪಟೇಲ್ರುದು ಈ ಸಲ ನಿಲ್ತದೆ ಸಾರ್, ಒಳ್ಳೆ ಮೇವು ತಿಂದ ದನ. ಈಯಮ್ಮಂದು ಗೊಡ್ಡು. ಸುಮ್ನೆ ಹೋರಿಗೆ ದಂಡ" ಎಂದ.

ಯಾರು ಮೊದಲು ಬಂದದ್ದು ಎಂದು ಕೇಳಿದೆ. ಅವನು ಪಟೇಲರ ಆಳಿನ ಕಡೆ ನೋಡಿದ. ಗೌರಮ್ಮನ ಸೆರಗು ಮಂಜಿನಲ್ಲಿ ನೆನೆದಿತ್ತು, ಬೆಳಕು ಹರಿಯುವ ಮೊದಲೇ ಬಂದು ಕಾದಿರಬೇಕು. ಅವಳ ಹಸುವಿಗೇ ಹೋರಿಯನ್ನು ಬಿಡಿಸಿದೆ. ಪಟೇಲರ ಆಳು ಹಸುವನ್ನು ತಿರುಗಿಸಿಕೊಂಡು ಹೋದ. ಹದಿನೈದು ದಿನದೊಳಗೆ ಇಲಾಖೆಯಿಂದ, ಹೋರಿಯನ್ನು ಬೇಜವಾಬ್ದಾರಿಯಿಂದ ಬಳಸಿದ್ದಕ್ಕೆ ನನ್ನಿಂದ ಸಮಜಾಯಿಷಿ ಕೇಳಿದರು.

ಹಸು ಗಬ್ಬ ನಿಲ್ಲಲಿಲ್ಲ. ಗೌರಮ್ಮ ಅದನ್ನು ತಂದು ನನ್ನ ಮುಂದೆ ನಿಲ್ಲಿಸಿದಳು. ನಾನು ಕೈಹಾಕಿ ಪರೀಕ್ಷಿಸಿದೆ, ಏನೂ ಇರಲಿಲ್ಲ. ಶೇಷಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ.   ಕೈ ತೊಳೆದುಕೊಳ್ಳುತ್ತಾ, ಆಗಲಿಲ್ಲವಮ್ಮ ಎಂದೆ.

ಅವಳು ಹಸುವಿನ ಕುತ್ತಿಗೆಯ ಗಂಗೆದೊಗಲನ್ನು ಸವರಿದಳು.

"ಹೋಗ್ಲಿ ಬಿಡಿ ಡಾಕ್ಟ್ರೆ" ಎಂದಳು. "ಇದು ಗೊಡ್ಡು ಅಂತ ಈಗ ನಂಗೇ ಗೊತ್ತಾತಲ್ಲ. ಅವ್ರಿವ್ರು ಹೇಳಿದ್ದಕ್ಕೆ ಮಾರಿದ್ರೆ ಜೀವ ಇರೋ ತನ್ಕ ಹೊಟ್ಟೇಲಿ ಉರೀತಿತ್ತು."

ಹಗ್ಗವನ್ನು ಕೈಗೆ ಸುತ್ತಿಕೊಂಡು ಅವಳು ಸಂತೆಯ ದಾರಿ ಹಿಡಿದಳು. ಹಸು ಅವಳ ಹಿಂದೆ ನಡೆಯಿತು.